ಕೇಸ್ ಶೀಟಿಗೆ ಹಿಡಿಸದ ಪುಟ್ಟಗೌರಮ್ಮ

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಅವರ ಹತ್ತಿರ ಎಷ್ಟು ಹೊತ್ತಿದೆ ಎಂದು ನಾನು ಮೊದಲು ಅಂದಾಜು ಮಾಡಿಕೊಳ್ಳುತ್ತೇನೆ. ಲಿಫ್ಟಿನಲ್ಲಿ ಕೇಳಿದವರಿಗೆ ‘ಆಸ್ಪತ್ರೇಲಿದೀನಿ’ ಎಂದಷ್ಟೇ ಹೇಳಿ ಇಳಿದುಬಿಡುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದವರಿಗೆ ಮಾತ್ರ, ಪಾಯಸ ಬರುವವರೆಗೂ ಎದ್ದುಹೋಗಲಾರರು ಎಂಬ ಧೈರ್ಯದ ಮೇಲೆ, ಪೂರ್ತಿ ವಿವರಿಸುತ್ತೇನೆ. ನಾನು ಫಿಸಿಷಿಯನ್ ಅಸಿಸ್ಟೆಂಟ್. ಡಾಕ್ಟರಲ್ಲ, ನರ್ಸೂ ಅಲ್ಲ. ಡಾಕ್ಟರು ಬರುವ ಮೊದಲು ರೋಗಿಯ ಕಥೆ ಕೇಳಿ, ಮೈ ಮುಟ್ಟಿ ನೋಡಿ, ಎಲ್ಲವನ್ನೂ ಬರೆದಿಟ್ಟು, ಅವರು ಬಂದಾಗ ಒಪ್ಪಿಸಿ, ಹೋದ ಮೇಲೆ ಅವರು ಹೇಳಿದ್ದನ್ನೆಲ್ಲ ಮಾಡಿಸುವವಳು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದವರು ‘ಓ, ಕಾಂಪೌಂಡರ್ರು’ ಎಂದು ತೀರ್ಮಾನಿಸಿ ಬಡಿಸುವವರನ್ನು ಕರೆದು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡಿರುತ್ತಾರೆ.

ನಮ್ಮ ಮನೆಯಲ್ಲಿ ತೊಂದರೆ ಇದಕ್ಕೆ ತಿರುವುಮುರುವಾಗಿತ್ತು. ಕಲಾಸಿಪಾಳ್ಯದಲ್ಲಿ ನಮ್ಮಪ್ಪನದು ತರಕಾರಿ ಮಂಡಿ. ನಾನು ಕೋರ್ಸಿಗೆ ಸೇರಿದ ದಿನವೇ ಅಪ್ಪ ಕೋಸಿನ ಮೂಟೆಗಳ ನಡುವೆ ನಿಂತು, ಮಗಳು ಡಾಕ್ಟರಾಗುತ್ತಿದ್ದಾಳೆ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು. ‘ಅಪ್ಪಾ, ನಾನು ಡಾಕ್ಟರಾಗಲ್ಲ’ ಎಂದರೆ, ‘ಡಾಕ್ಟ್ರ ಪಕ್ಕ ನಿಂತ್ಕೊಂಡು ಡಾಕ್ಟ್ರ ಕೆಲಸಾನೇ ಮಾಡ್ತೀಯ ಅಂದ್ಮೇಲೆ ಇನ್ನೇನಮ್ಮ? ಮಂಡೀಲಿ ನಮ್ಮಣ್ಣನ ಪಕ್ಕ ನಾನು ಹತ್ತು ವರ್ಷ ನಿಂತಿದ್ದೆ, ನನ್ನ ಯಾರಾದ್ರೂ ಅಸಿಸ್ಟೆಂಟ್ ಅಂದ್ರಾ?’ ಎನ್ನುತ್ತಿದ್ದರು. ಅಕ್ಕನ ಮದುವೆಯ ಲಗ್ನಪತ್ರಿಕೆ ಮಾಡಿಸಲು ಸುಲ್ತಾನ್‌ಪೇಟೆಗೆ ಹೋದಾಗ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ‘ಡಾ.’ ಹಾಕಿಸಿದ್ದರು. ಪ್ರೂಫ್ ನೋಡಿ ನಾನು ಕಿರುಚಾಡಿದೆ. ಅಂಗಡಿಯವರಿಗೆ ಫೋನ್ ಮಾಡಿ ತಿದ್ದಿಸಿ ಎಂದು ಹಟ ಹಿಡಿದೆ. ಅಪ್ಪ ನನ್ನೆದುರಿಗೇ ಫೋನ್ ಮಾಡಿ ‘ಅದೇನೋ ಅಸಿಸ್ಟೆಂಟ್ ಅಂತೆ, ಅದನ್ನೂ ಸೇರಿಸ್ಬಿಡಿ’ ಎಂದರು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ನಾನು ‘ಡಾ. ಅಸಿಸ್ಟೆಂಟ್ ಶೋಭಾ’ ಆಗಿದ್ದೆ. ಇಂದಿಗೂ ನಮ್ಮ ಸೋದರಮಾವ ನನ್ನನ್ನು ಹಾಗೆಯೇ ಕರೆಯುವುದು.

ತರಗತಿಗಳು ಮುಗಿದು ಆಸ್ಪತ್ರೆಯ ಪೋಸ್ಟಿಂಗ್ ಶುರುವಾದ ಆ ವರ್ಷವನ್ನು ನೆನೆದರೆ ಈಗಲೂ ನನಗೆ ಮೊದಲು ನೆನಪಾಗುವುದು ಕಾಲುನೋವು. ಚಾಮರಾಜಪೇಟೆಯ ನಮ್ಮ ಮನೆಯಿಂದ ಬಸವನಗುಡಿಯ ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದೆ. ಮೈಮೇಲೆ ಅಮ್ಮ ಇಸ್ತ್ರಿ ಮಾಡಿದ ಬಿಳಿ ಕೋಟು. ಅದರ ಜೇಬುಗಳಲ್ಲಿ ಟಾರ್ಚು, ಟೇಪು, ಮಂಡಿಗೆ ಬಡಿಯುವ ಪುಟ್ಟ ಸುತ್ತಿಗೆ, ಎರಡು ನೋಟ್‌ಬುಕ್ಕು, ನಾಲ್ಕು ಪೆನ್ನು, ಒಂದು ಬಿಸ್ಕತ್ ಪ್ಯಾಕೆಟ್ಟು. ದೂರದಿಂದ ನೋಡಿದವರಿಗೆ ಗೂಡಂಗಡಿಯೊಂದು ನಡೆದು ಬರುತ್ತಿರುವಂತೆ ಕಂಡಿರಬೇಕು. ಎರಡೆರಡು ತಿಂಗಳಿಗೆ ಒಂದೊಂದು ವಿಭಾಗ. ಸರ್ಜರಿಯಲ್ಲಿ ಮೊದಲ ದಿನವೇ ನನ್ನ ಕಣ್ಣು ಮಂಜಾಯಿತು. ಸರ್ಜನ್ನರು ತಲೆ ಎತ್ತದೆಯೇ, ‘ಬೀಳೋದಾದ್ರೆ ಬಲಗಡೆ ಬೀಳಮ್ಮ, ಎಡಗಡೆ ಇನ್ಸ್ಟ್ರುಮೆಂಟ್ಸ್ ಇದೆ’ ಎಂದರು. ನಾನು ಹೇಳಿದಂತೆ ಕೇಳುವ ವಿದ್ಯಾರ್ಥಿನಿ, ಬಲಗಡೆಗೇ ಬಿದ್ದೆ. ಮೂಳೆ ವಿಭಾಗದಲ್ಲಿ ಪ್ಲಾಸ್ಟರು ಹಾಕುವುದನ್ನು ಕಲಿಯಲು ಹೋಗಿ ನನ್ನ ಕೋಟಿನ ತೋಳನ್ನೂ ರೋಗಿಯ ಕೈಗೆ ಸೇರಿಸಿಯೇ ಸುತ್ತಿದ್ದೆ. ಆ ಮನುಷ್ಯ ಪಾಪ ಒಳ್ಳೆಯವರು, ಕತ್ತರಿ ತರುವವರೆಗೂ ನನ್ನ ಊರು, ಕುಲ, ಗೋತ್ರ ವಿಚಾರಿಸುತ್ತಾ ಕುಳಿತಿದ್ದರು.

ಮೆಡಿಸಿನ್ ವಿಭಾಗಕ್ಕೆ ಬರುವ ಹೊತ್ತಿಗೆ ನನಗೆ ಸ್ವಲ್ಪ ಜಂಬ ಬಂದಿತ್ತು. ರೋಗಿಯ ಹಿಸ್ಟರಿ ತೆಗೆಯುವುದರಲ್ಲಿ ನಮ್ಮ ಬ್ಯಾಚಿಗೆ ನಾನೇ ಚುರುಕು. ಅಲ್ಲಿನ ಹಿರಿಯ ಡಾಕ್ಟರನ್ನು ನಾವೆಲ್ಲ ಚೀಫ್ ಎನ್ನುತ್ತಿದ್ದೆವು. ತೆಳ್ಳಗಿನ ಆಳು, ಗಟ್ಟಿ ದನಿ. ಒಂದು ಕೇಸನ್ನು ಎರಡು ನಿಮಿಷದಲ್ಲಿ ಒಪ್ಪಿಸಬೇಕು, ಮೂರನೆಯ ನಿಮಿಷಕ್ಕೆ ಅವರು ಮುಂದಿನ ಹಾಸಿಗೆಯ ಹತ್ತಿರ ಇರುತ್ತಿದ್ದರು. ನನಗೆ ಅವರು ಕೊಟ್ಟ ಮೊದಲ ಕೇಸು ಪುಟ್ಟಗೌರಮ್ಮ.

ಪುಟ್ಟಗೌರಮ್ಮನಿಗೆ ಎಪ್ಪತ್ತು ದಾಟಿತ್ತು. ಗಾಂಧಿ ಬಜಾರಿನಲ್ಲಿ ಮದುವೆಯಾದಾಗಿನಿಂದ ಹೂವು ಮಾರಿದವರು. ಈಗ ಅದೇ ಜಾಗದಲ್ಲಿ ಅವರ ಮಗಳು ಕಮಲಮ್ಮ ಕೂರುತ್ತಿದ್ದರು. ಸಕ್ಕರೆ ಕಾಯಿಲೆ ಹಳೆಯದು. ಮನೆಯಲ್ಲಿ ತಲೆ ಸುತ್ತಿ ಬಿದ್ದರೆಂದು ಕರೆತಂದಿದ್ದರು. ನೋಡಿದರೆ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟು, ಕಾಫಿ ಕೇಳಿ, ಆಸ್ಪತ್ರೆಯ ಕಾಫಿಗೆ ಹೆಸರಿಟ್ಟರು. ನಾನು ಪೆನ್ನು ತೆರೆದು ಹಾಸಿಗೆಯ ಪಕ್ಕ ನಿಂತೆ.

‘ಅಜ್ಜಿ, ತಲೆಸುತ್ತು ಎಷ್ಟು ದಿನದಿಂದ?’

‘ಕನಕಾಂಬರ ಏರ್ತಲ್ಲ, ಅವಾಗಿಂದ.’

‘ಅಂದ್ರೆ ಯಾವಾಗ?’

‘ಸೇವಂತಿಗೆ ಇಳಿದ್ಮೇಲೆ ಕಣಮ್ಮ. ನೀನು ಬೆಂಗಳೂರೋಳೇ ತಾನೆ? ಹೂವು ಮುಡಿಯಲ್ವಾ?’

ಊಟದ ಬಗ್ಗೆ ಕೇಳಿದರೆ ಬೀಗಿತ್ತಿಯ ಅಡುಗೆಯಲ್ಲಿ ಉಪ್ಪು ಜಾಸ್ತಿ ಎಂಬಲ್ಲಿಗೆ ಹೋದರು. ನಿದ್ದೆಯ ಬಗ್ಗೆ ಕೇಳಿದರೆ ಮೂವತ್ತು ವರ್ಷದ ಹಿಂದೆ ಬೆಳಗಿನ ಜಾವ ಹೂವಿನ ಮಾರುಕಟ್ಟೆಗೆ ಹೋಗುತ್ತಿದ್ದ ಜಟಕಾ ಗಾಡಿಯ ಕುದುರೆಯ ಬಗ್ಗೆ ಹೇಳಿದರು. ಕುದುರೆ ತುಂಬಾ ಒಳ್ಳೆಯದಂತೆ. ಕೇಸ್ ಶೀಟಿನಲ್ಲಿ ಕುದುರೆಗೆ ಜಾಗವಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ನನ್ನ ಹಾಳೆಯಲ್ಲಿ ವಯಸ್ಸು, ವಿಳಾಸ ಬಿಟ್ಟರೆ ಮೂರೇ ಸಾಲುಗಳಿದ್ದವು. ಮಾರನೆಯ ಬೆಳಿಗ್ಗೆ ಚೀಫ್ ಮುಂದೆ ನಿಂತು ಗಾಬರಿಯಲ್ಲಿ ‘ಸರ್, ಕನಕಾಂಬರದ ಸೀಸನ್‌ನಿಂದ ತಲೆಸುತ್ತು’ ಎಂದುಬಿಟ್ಟೆ. ಇಡೀ ಬ್ಯಾಚು ನಕ್ಕಿತು. ಚೀಫ್ ನಗಲಿಲ್ಲ. ‘ನನಗೆ ದಿನದ ಲೆಕ್ಕ ಬೇಕು, ಹೂವಿನ ಲೆಕ್ಕ ಅಲ್ಲ. ಮತ್ತೆ ಹೋಗಿ ಕೇಳ್ಕೊಂಡ್ ಬನ್ನಿ’ ಎಂದರು. ನನ್ನ ಜಂಬ ಅಲ್ಲಿಗೆ ಇಳಿಯಿತು.

ಆದರೆ ಆಮೇಲೆ ನಡೆದದ್ದು ನಗುವಂಥದ್ದಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಗ್ಲೂಕೋಸ್ ಹಾಕುತ್ತಿದ್ದರೂ, ಪುಟ್ಟಗೌರಮ್ಮನ ಸಕ್ಕರೆ ದಿನಾ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮತ್ತೆ ಇಳಿಯುತ್ತಿತ್ತು. ಮೂರನೆಯ ದಿನ ನನ್ನ ಕಣ್ಣೆದುರಿಗೇ ಅವರು ಬೆವತು, ಮಾತು ತೊದಲಿ, ಕಮಲಮ್ಮನನ್ನೇ ಗುರುತು ಹಿಡಿಯದೆ ‘ಯಾರಮ್ಮ ನೀನು?’ ಎಂದರು. ಕಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದರು. ಅಂದು ಚೀಫ್ ಎರಡು ನಿಮಿಷಕ್ಕೆ ಮುಂದೆ ಹೋಗಲಿಲ್ಲ. ಹೊಟ್ಟೆಯೊಳಗೆ ಎಲ್ಲಾದರೂ ಗಡ್ಡೆಯಿದ್ದು ಅದರಿಂದ ಹೀಗಾಗುತ್ತಿದೆಯೋ ಎಂದು ಸ್ಕ್ಯಾನಿಗೆ ಬರೆದರು. ಗಡ್ಡೆ ಎಂಬ ಒಂದು ಮಾತು ಸಾಕಾಯಿತು, ಕಮಲಮ್ಮ ಅಂದು ಮಧ್ಯಾಹ್ನ ಬಜಾರಿಗೆ ಹೋಗಲಿಲ್ಲ.

ಚೀಫ್ ಹೇಳಿದ್ದ ದಿನದ ಲೆಕ್ಕ ನನ್ನ ತಲೆಯ ಮೇಲೆ ಇನ್ನೂ ಇತ್ತಲ್ಲ, ಮಾರನೆಯ ದಿನ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಮತ್ತೆ ಅಜ್ಜಿಯ ಹತ್ತಿರ ಹೋದೆ. ‘ಮತ್ತೆ ಬಂದ್ಯಾ? ಬರಿಯೋದು ಆಮೇಲೆ, ಮೊದ್ಲು ಒಂಚೂರು ಹತ್ತಿ ತಗೊಂಬಾ’ ಎಂದರು. ವಾರ್ಡಿಗೆ ಹೂವು ತರಬಾರದು. ನಾಲ್ಕು ದಿನದಿಂದ ಹೂವು ಕಟ್ಟದೆ ಅವರ ಬೆರಳುಗಳು ಜಡ್ಡು ಹಿಡಿದಿದ್ದವಂತೆ. ನಾನು ಸಿಸ್ಟರನ್ನು ಬೇಡಿ ಒಂದು ಹಿಡಿ ಹತ್ತಿ ತಂದೆ. ಅಜ್ಜಿ ಅದನ್ನು ಮೊಗ್ಗಿನಷ್ಟು ಗಾತ್ರದ ಉಂಡೆಗಳಾಗಿ ಹೊಸೆದು, ಸೆರಗಿನ ಗಂಟಿನಿಂದ ದಾರ ತೆಗೆದು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಕಟ್ಟತೊಡಗಿದರು. ಎರಡು ಆ ಕಡೆ, ಎರಡು ಈ ಕಡೆ, ಒಂದು ಕುಣಿಕೆ. ನನಗೂ ಕಲಿಸಿದರು. ನನ್ನ ಕುಣಿಕೆಗಳು ಜಾರಿ ಹತ್ತಿಯೆಲ್ಲ ಹಾಸಿಗೆಯ ತುಂಬ ಉದುರಿತು. ‘ಇಷ್ಟ್ ಬರಲ್ವಲ್ಲೇ ನಿಂಗೆ, ಜನಗಳ ಹೊಟ್ಟೆ ಹೆಂಗೆ ಹೊಲಿತೀಯ?’ ಎಂದು ಬೈದರು. ಪೆನ್ನನ್ನು ಎಲ್ಲಿಟ್ಟೆನೋ ನನಗೇ ಗೊತ್ತಿರಲಿಲ್ಲ.

ಅರ್ಧ ಮೊಳ ಹತ್ತಿಯ ಮಾಲೆಯಾದ ಮೇಲೆ ಅಜ್ಜಿ ಅತ್ತಿತ್ತ ನೋಡಿ, ದಿಂಬಿನ ಕೆಳಗಿಂದ ಎಲೆಅಡಿಕೆಯ ಸಂಚಿ ಎಳೆದರು. ಒಳಗಿನಿಂದ ಒಂದು ಚೂರು ಅಡಿಕೆ ಬಂತು. ಅದರ ಹಿಂದೆಯೇ ಒಂದು ಬಿಳಿ ಮಾತ್ರೆ, ಒಂದು ಹಸಿರು ಮಾತ್ರೆ. ಅವನ್ನು ಅವರು ಬಾಯಿಗೆ ಹಾಕಿಕೊಳ್ಳುವ ಮೊದಲೇ ನಾನು ಕೈ ಹಿಡಿದುಕೊಂಡೆ.

‘ಅಜ್ಜಿ, ಏನಿದು?’

‘ಸಕ್ಕರೆ ಮಾತ್ರೆ. ಬಿಳೀದು ನಮ್ಮ ಬೀದಿ ಡಾಕ್ಟ್ರದ್ದು, ಹಸಿರುದು ಕಮಲನ ಮನೆ ಹತ್ರದ ಡಾಕ್ಟ್ರದ್ದು.’

‘ಇಬ್ರದ್ದೂ ತಗೋತೀರಾ?’

‘ಇಬ್ರೂ ತಪ್ಪಿಸ್ಬೇಡ ಅಂದವ್ರೆ. ಯಾರ ಮಾತು ಮೀರ್ಲಿ?’

‘ಇಲ್ಲಿ ನಿಲ್ಸಿದಾರಲ್ಲ!’

ಅಜ್ಜಿ ದನಿ ತಗ್ಗಿಸಿದರು. ‘ನಮ್ಮೆಜಮಾನ್ರಿಗೂ ಇದೇ ಕಾಯಿಲೆ. ಸಾಕು ಅಂತ ಎಲ್ಲಾ ನಿಲ್ಲಿಸ್ಬಿಟ್ರು. ಬೆರಳು ಹೋಯ್ತು, ಆಮೇಲೆ ಕಾಲು ಹೋಯ್ತು, ಆಮೇಲೆ ಅವ್ರೇ ಹೋದ್ರು. ಬಿಟ್ಟೋರ ಗತಿ ನಾನು ಕಣ್ಣಾರೆ ಕಂಡಿದೀನಿ ಮಗಾ. ಅದಕ್ಕೆ ಸಿಸ್ಟರ್ ಮಾತ್ರೆ ಕೇಳ್ದಾಗ ಒಂದು ಕವರ್ ಕೊಟ್ಟೆ, ಇದನ್ನ ಇಟ್ಕೊಂಡೆ. ನಿನ್ನ ಕಂಡ್ರೆ ನಂಬಿಕೆ ಬಂತು, ಹೇಳ್ದೆ. ಯಾರ್ಗೂ ಹೇಳಬೇಡ. ಕಮಲಂಗೂ ಹೇಳಬೇಡ.’

ನಾನು ‘ಹೂಂ’ ಅಂದೆನೋ, ಬರೀ ತಲೆ ಆಡಿಸಿದೆನೋ ಈಗ ನೆನಪಿಲ್ಲ. ಎರಡರಲ್ಲಿ ಒಂದನ್ನು ಮಾಡಿದ್ದಂತೂ ನಿಜ. ಎರಡೂ ಮಾತ್ರೆಗಳು ಒಂದೇ ಔಷಧ, ಹೆಸರು ಮಾತ್ರ ಬೇರೆ ಎಂದು ಸಂಚಿಯಿಂದ ಇಣುಕುತ್ತಿದ್ದ ಮಾತ್ರೆಯ ಪಟ್ಟಿಗಳ ಹಿಂಭಾಗ ಓದಿ ಗೊತ್ತಾಯಿತು. ಅಜ್ಜಿ ಕೈ ಬಿಡಿಸಿಕೊಳ್ಳಲು ಎಳೆದರು, ನಾನು ಸಂಚಿಯನ್ನೇ ಎಳೆದುಕೊಂಡು ಎದ್ದೆ. ವಾರ್ಡಿನ ಬಾಗಿಲಿನವರೆಗೂ ಅವರ ‘ಏ ಹುಡುಗಿ, ಏ ಹುಡುಗಿ’ ನನ್ನ ಬೆನ್ನಿಗೆ ಬೀಳುತ್ತಿತ್ತು. ಚೀಫ್ ಕೊಠಡಿಯ ಮುಂದೆ ಒಂದು ನಿಮಿಷ ನಿಂತೆ. ನಂಬಿ ಹೇಳಿದವರ ಗುಟ್ಟು ಅವರದೇ ಸಂಚಿಯಲ್ಲಿ ನನ್ನ ಕೈಯಲ್ಲಿತ್ತು. ಆಮೇಲೆ ‘ಯಾರಮ್ಮ ನೀನು?’ ಎಂದು ಕಮಲಮ್ಮನನ್ನು ಕೇಳಿದ ಆ ಮುಖ ನೆನಪಾಗಿ ಬಾಗಿಲು ತಳ್ಳಿದೆ.

ಚೀಫ್ ಎಲ್ಲವನ್ನೂ ಕೇಳಿದರು. ಸ್ಕ್ಯಾನಿನ ಚೀಟಿಯನ್ನು ಹರಿದರು. ‘ಇದು ಹೇಗೆ ಗೊತ್ತಾಯ್ತು?’ ಎಂದರು. ‘ಹತ್ತಿ ಕಟ್ತಾ ಇದ್ವಿ ಸರ್’ ಎಂದೆ. ಅವರು ನನ್ನ ಕೋಟಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ನೋಡಿದರು. ಮೂತ್ರಪಿಂಡ ಸ್ವಲ್ಪ ನಿಧಾನವಾದ ವಯಸ್ಸಾದವರಲ್ಲಿ ಈ ಮಾತ್ರೆ ಎಷ್ಟು ದಿನ ಮೈಯಲ್ಲಿ ಉಳಿದು ಕಾಡುತ್ತದೆ ಎಂದು ಮಾರನೆಯ ದಿನ ಇಡೀ ಬ್ಯಾಚಿಗೆ ಅರ್ಧ ಗಂಟೆ ಪಾಠವಾಯಿತು. ಗ್ಲೂಕೋಸ್ ಸ್ಟ್ಯಾಂಡಿನ ಮೇಲೆ ಹತ್ತಿಯ ಮಾಲೆ ನೇತಾಡುತ್ತಿತ್ತು. ಚೀಫ್ ಅದನ್ನು ತೆಗೆಸಲಿಲ್ಲ. ಎರಡು ದಿನಕ್ಕೆ ಸಕ್ಕರೆ ಇಳಿಯುವುದು ನಿಂತಿತು.

ಪುಟ್ಟಗೌರಮ್ಮ ಮಾತ್ರ ನನ್ನೊಂದಿಗೆ ಮಾತು ಬಿಟ್ಟರು. ನಾನು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ನಾಡಿ ನೋಡಲು ಕೈ ಮುಟ್ಟಿದರೆ ಕೈ ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ. ಮನೆಗೆ ಹೋಗುವ ದಿನ ಹೊಸ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವಿವರಿಸಿದ್ದು ನಾನೇ. ಅವರು ಕೇಳಿಸಿಕೊಂಡದ್ದು ಕಿಟಕಿಯ ಹೊರಗಿನ ಪಾರಿವಾಳಗಳನ್ನು ನೋಡುತ್ತಾ. ಕಮಲಮ್ಮ ಕೈ ಮುಗಿದರು. ಅಜ್ಜಿ ತಮ್ಮ ಸಂಚಿಯನ್ನು ನನ್ನ ಕೈಯಿಂದ ಕಸಿದುಕೊಂಡು, ಒಳಗೆ ಅಡಿಕೆ ಸರಿಯಾಗಿದೆಯೇ ಎಂದು ನೋಡಿ ಹೊರಟುಹೋದರು. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಾನು ಅತ್ತೆ. ಸರಿಯಾದದ್ದನ್ನೇ ಮಾಡಿದ್ದೆ. ಆದರೂ ಏನೋ ಕಳ್ಳತನ ಮಾಡಿದ ಹಾಗೆ ಇತ್ತು.

ಮೂರು ವಾರ ಗಾಂಧಿ ಬಜಾರಿಗೆ ಹೋಗದೆ ಸುತ್ತಿ ಬಳಸಿ ಮನೆಗೆ ಹೋದೆ. ನಾಲ್ಕನೆಯ ವಾರ ವರಮಹಾಲಕ್ಷ್ಮಿ ಹಬ್ಬ ಬಂತು, ಅಮ್ಮ ಹೂವು ತರಲು ಅಲ್ಲಿಗೇ ಅಟ್ಟಿದರು. ಜನರ ನಡುವೆ ತಲೆ ತಗ್ಗಿಸಿ ದಾಟುತ್ತಿದ್ದೆ. ‘ಏ ಹುಡುಗಿ! ಬಾ ಇಲ್ಲಿ’ ಎಂಬ ದನಿ ಕೇಳಿತು. ಕಮಲಮ್ಮನ ಪಕ್ಕದಲ್ಲಿ, ಮಲ್ಲಿಗೆಯ ರಾಶಿಯ ಹಿಂದೆ, ಪುಟ್ಟಗೌರಮ್ಮ ಕಾಲು ಚಾಚಿ ಕುಳಿತಿದ್ದರು. ಅಕ್ಕಪಕ್ಕದ ಹೂವಿನವರಿಗೆಲ್ಲ ಕೇಳುವಂತೆ, ‘ನೋಡ್ಕೊಳ್ರಮ್ಮ, ಇವಳೇ! ಇವಳ ಬಾಯಲ್ಲಿ ಗುಟ್ಟು ನಿಲ್ಲಲ್ಲ. ಇವಳ ಹತ್ರ ಯಾರೂ ಏನೂ ಹೇಳ್ಬೇಡ್ರಿ’ ಎಂದು ಸಾರಿದರು. ಸಾರುತ್ತಲೇ ನನ್ನನ್ನು ಬಗ್ಗಿಸಿ ಎರಡು ಮೊಳ ಮಲ್ಲಿಗೆ ಮುಡಿಸಿದರು. ಆಮೇಲೆ ಸಂಚಿ ಬಿಚ್ಚಿ ಮಾತ್ರೆಯ ಪಟ್ಟಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದು, ‘ಒಂದೇ ತರದ್ದು. ಸರಿಯಾಗಿ ನೋಡ್ಕೋ, ಹೋಗಿ ಹೇಳು ನಿಮ್ಮ ಡಾಕ್ಟ್ರಿಗೆ’ ಎಂದರು. ಅಲ್ಲಿಂದ ಮುಂದೆ ಏಳೆಂಟು ವರ್ಷ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಈ ತಪಾಸಣೆ ತಪ್ಪಲಿಲ್ಲ. ಈಗ ಅವರಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿದು, ಚೆನ್ನಾಗಿಲ್ಲ ಎಂದು ಹೇಳಿ, ಮಲಗಿದವರು ಏಳಲಿಲ್ಲ ಎಂದು ಕಮಲಮ್ಮ ಹೇಳಿದರು.

ನನಗೂ ಈಗ ನಲವತ್ತರ ಹತ್ತಿರ. ಹೋದ ತಿಂಗಳು ಥೈರಾಯ್ಡ್ ತೋರಿಸಿಕೊಳ್ಳಲು ಪರಿಚಯವಿಲ್ಲದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ನೋಡುವ ಮೊದಲು ಪೋಸ್ಟಿಂಗಿಗೆ ಬಂದ ಹುಡುಗಿಯೊಬ್ಬಳು ಹಾಳೆ ಹಿಡಿದು ಬಂದಳು. ‘ಮೇಡಂ, ಮಾತ್ರೆ ದಿನಾ ತಗೋತಿದೀರಾ?’ ‘ದಿನಾ’ ಎಂದೆ. ‘ಖಾಲಿ ಹೊಟ್ಟೇಲಿ?’ ‘ಮತ್ತೆ?’ ‘ಒಂದಿನಾನೂ ಮಿಸ್ ಆಗಿಲ್ವಾ?’ ‘ನಾನೂ ಇದೇ ಕೆಲಸದವಳಮ್ಮ, ನನ್ನೇ ಕೇಳ್ತೀಯಾ?’ ಎಂದು ನಕ್ಕೆ. ಅವಳು ನಾಚಿಕೊಂಡು ಬರೆದುಕೊಂಡಳು. ನನ್ನ ಬ್ಯಾಗಿನಲ್ಲಿ ಆಗ ಮೂರು ವಾರದಿಂದ ಒಂದೇ ಒಂದನ್ನೂ ಬಿಡಿಸಿ ನುಂಗದ ಮಾತ್ರೆಯ ಪಟ್ಟಿಯಿತ್ತು. ಡಾಕ್ಟರು ಅವಳು ಬರೆದದ್ದನ್ನು ಓದಿದರು, ನನ್ನ ರಕ್ತದ ವರದಿ ನೋಡಿದರು, ಇಷ್ಟು ಶ್ರದ್ಧೆಯಿಂದ ತೆಗೆದುಕೊಂಡರೂ ಕಡಿಮೆಯಾಗಿಲ್ಲವಲ್ಲ ಎಂದು ಮರುಗಿ, ಡೋಸನ್ನು ದುಪ್ಪಟ್ಟು ಮಾಡಿ ಬರೆದುಕೊಟ್ಟರು. ಚೀಟಿ ಹಿಡಿದು ರಸ್ತೆಯವರೆಗೂ ಬಂದೆ. ಔಷಧಿ ಅಂಗಡಿಯ ಮುಂದೆಯೂ ನಿಂತೆ. ಆಮೇಲೆ ತಿರುಗಿ ಹೋಗಿ, ಆ ಹುಡುಗಿಯ ಎದುರಿನ ಸ್ಟೂಲಿನ ಮೇಲೆ ಕುಳಿತು, ‘ಆ ಹಾಳೆ ಹರಿದುಹಾಕಿ ಇನ್ನೊಂದು ತಗೋಮ್ಮ’ ಎಂದೆ.

‘ಯಾಕೆ ಮೇಡಂ? ಏನಾಯ್ತು?’

‘ಹೇಳ್ತೀನಿ, ಕೂತ್ಕೋ. ನಿಮ್ಮ ಡಾಕ್ಟ್ರಿಗೆ ಮಾತ್ರ ಹೇಳು, ಬೇರೆ ಯಾರ್ಗೂ ಬೇಡ.’