ನಾನು ಮನೆ ಕಂದಾಯ ಏರಿಸಿಕೊಂಡದ್ದು

ಬೆಲೆ ಎಂದರೇನು ಎಂಬುದನ್ನು ಸಾಗರದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಜೀವನವಿಡೀ ಬಟ್ಟೆ ಅಂಗಡಿ ನಡೆಸಿದವನು! ಚೀಟಿಯಲ್ಲಿ ಬೆಲೆ ಕಡಿಮೆ ಇದ್ದ ಸೀರೆಯನ್ನು ಗಿರಾಕಿಗಳು ಬೆರಳ ತುದಿಯಲ್ಲಿ ಮುಟ್ಟಿ ಬಿಡುತ್ತಾರೆ. ಅದೇ ಸೀರೆಗೆ ದೊಡ್ಡ ಬೆಲೆಯ ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಡಿ. ಸಂಜೆಯೊಳಗೆ ಖಾಲಿ!

ಸಾಗರದ ಮನೆ ಮಾರಿ, ಹೆಂಡತಿ ಶೈಲಜಳ ತವರೂರಾದ ತೀರ್ಥಹಳ್ಳಿಯಲ್ಲಿ ನೆಲೆಸೋಣವೆಂದು ನಾವು ತೀರ್ಮಾನಿಸಿದ್ದೆವು. ಅದೇ ಹೊತ್ತಿಗೆ ನಗರಸಭೆಯ ಬಿಲ್ ಕಲೆಕ್ಟರ್ ಟೇಪು ಹಿಡಿದು ಬೀದಿಗೆ ಬಂದರು. ಕಂದಾಯಕ್ಕಾಗಿ ಹೊಸ ಅಳತೆ!

ಟೇಪಿನ ಸುದ್ದಿಗೇ ಬೀದಿಯ ಮನೆಗಳು ಕುಗ್ಗಿದವು. ಪಕ್ಕದ ಮನೆಯ ಮಂಜಪ್ಪನವರು ಹಿಂದಿನ ದಿನವೇ ಕಾರು ಶೆಡ್ಡಿನ ಶೀಟು ಬಿಚ್ಚಿ ಅಟ್ಟಕ್ಕೆ ಸೇರಿಸಿದ್ದರು. ನಾನೊಬ್ಬನೇ ಎದೆಯುಬ್ಬಿಸಿ ಗೇಟಿನಲ್ಲಿ ಕಾದೆ.

"ಬಚ್ಚಲಮನೆ ಅಳೆದ್ರಾ? ಸೌದೆ ಕೊಟ್ಟಿಗೆ?"

"ಅಳೆದೆ ಸಾವ್ಕಾರ್ರೆ."

"ಮುಂದಿನ ಕೋಣೇಲಿ ಸೀರೆ ಗಂಟು ಇಟ್ಟಿದ್ದೀನಿ. ಅದು ವ್ಯಾಪಾರದ ಜಾಗ. ಹಾಗೇ ಬರ್ಕೊಳ್ಳಿ!"

"ವ್ಯಾಪಾರ ಅಂದ್ರೆ ಕಂದಾಯ ಜಾಸ್ತಿ ಬೀಳ್ತದೆ."

"ಬೀಳ್ಲಿ!"

ಆ ಮನುಷ್ಯ ನನ್ನ ಮುಖವನ್ನೊಮ್ಮೆ, ಶೈಲಜಳ ಮುಖವನ್ನೊಮ್ಮೆ ನೋಡಿದರು.

"ಎಂತ ಹುಚ್ಚು ರೀ ನಿಮ್ದು?" ಎಂದಳು ಶೈಲಜ.

"ಕಂದಾಯ ಜಾಸ್ತಿ ಅಂದ್ರೆ ಮನೆ ದೊಡ್ಡದು ಅಂತ ಸರ್ಕಾರವೇ ಒಪ್ಪಿದ ಹಾಗೆ. ಚಿನ್ನಕ್ಕೆ ಹಾಲ್‌ಮಾರ್ಕ್ ಇಲ್ವಾ, ಹಾಗೆ!"

ಬೀದಿಗೆಲ್ಲ ಹೆಚ್ಚಿನ ಕಂದಾಯ ನನ್ನದೇ ಆಯಿತು. ಹೆಮ್ಮೆಯಿಂದ ಕಟ್ಟಿದೆ. ರಸೀದಿಗೆ ಲ್ಯಾಮಿನೇಷನ್ ಮಾಡಿಸಿದೆ. ಸಂಜೆ ಗೇಟಿನ ಬಳಿ ಭಾಷಣವನ್ನೂ ಶುರುಮಾಡಿದೆ. "ಕಂದಾಯ ಕಟ್ಟಿದ್ರೆ ರಸ್ತೆ. ರಸ್ತೆ ಆದ್ರೆ ಅಂಗಡಿ. ಅಂಗಡಿ ಬಂದ್ರೆ ಊರು ಬೆಳೆಯುತ್ತೆ!"

"ನೀವು ಬೆಳೆಸಿ ಮಾರಾಯ್ರೆ, ನಾವು ನೋಡ್ತೀವಿ" ಎಂದರು ಮಂಜಪ್ಪ.

ನನ್ನ ಮಾತು ಸುಳ್ಳಾಗಲಿಲ್ಲ. ಬೀದಿಗೆ ಕಾಂಕ್ರೀಟು ಬಿತ್ತು, ಚರಂಡಿಯಾಯಿತು, ದೀಪದ ಕಂಬವೂ ಬಂತು. ಕಂಬ ನಿಂತದ್ದು ಮಾತ್ರ ಮಂಜಪ್ಪನವರ ಗೇಟಿನೆದುರು. ಇರಲಿ, ದಾನಿಗಳು ದೀಪ ಎಲ್ಲಿ ಉರಿಯಿತೆಂದು ನೋಡುವುದಿಲ್ಲ!

ಆಮೇಲೆ ಕಾರ್ಗಲ್‌ನಿಂದ ಗಂಡ ಹೆಂಡತಿ ಮನೆ ನೋಡಲು ಬಂದರು. ಆತ ಎಂಜಿನಿಯರು, ನಿವೃತ್ತಿ ಹತ್ತಿರವಿತ್ತು. ಸರ್ವೀಸೆಲ್ಲ ಕ್ವಾರ್ಟರ್ಸಿನಲ್ಲೇ ಕಳೆದಿದ್ದರಿಂದ ಸ್ವಂತ ಮನೆಯ ಕಂದಾಯ ಕಂಡವರಲ್ಲ. ಗಾಳಿ, ಬೆಳಕು, ಬಾವಿ ಎಲ್ಲವನ್ನೂ ಮೆಚ್ಚಿದರು. ಬೆಲೆಗೂ ಅರ್ಧ ತಲೆಯಾಡಿಸಿದರು. ಅಲ್ಲಿಗೇ ಸುಮ್ಮನಿರಬಹುದಿತ್ತು. ನಾನು ಎದ್ದು ಹೋಗಿ ರಸೀದಿ ತಂದೆ!

ಅವರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಇದು ಒಂದೇ ಸಲ ಕಟ್ಟೋದಾ?"

"ಪ್ರತಿ ವರ್ಷ! ಏರ್ತಾನೂ ಹೋಗುತ್ತೆ!" ಎಂದೆ ಸಂಭ್ರಮದಿಂದ.

ಶೈಲಜ ಕಣ್ಣು ಮುಚ್ಚಿಕೊಂಡಳು.

"ನಾನು ಇನ್ನು ಪೆನ್ಷನ್ ಮೇಲೆ ಬದುಕೋನು ಸಾರ್. ಪ್ರತಿ ವರ್ಷ ಇಷ್ಟು ಕಟ್ಟಬೇಕಾದ್ರೆ, ಮನೆ ಬೆಲೇಲಿ ಅಷ್ಟು ಇಳಿಸ್ಬೇಕಾಗ್ತದೆ."

"ಇಳಿಸೋದಾ? ಹಾಲ್‌ಮಾರ್ಕ್ ಇರೋ ಮನೆ ಇದು! ಬಿಡಿಕಾಸೂ ಇಳಿಸಲ್ಲ!"

ಅವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಹೊರಗೆ ಮಂಜಪ್ಪನವರು ಗೇಟಿಗೆ ಒರಗಿ ನಿಂತಿದ್ದರು. "ಎಂತ, ಮನೆ ನೋಡೋಕೆ ಬಂದಿದ್ರಾ? ನಮ್ಮದೂ ಒಂದು ಸಲ ನೋಡಿ. ಕಂದಾಯ ಏನಿಲ್ಲ, ಸ್ವಲ್ಪವೇ."

ಅಷ್ಟೇ! ಒಳ್ಳೆಯ ರಸ್ತೆ, ಚರಂಡಿ, ಬಾಗಿಲಲ್ಲೇ ದೀಪ, ಮೇಲೆ ಹಗುರ ಕಂದಾಯ. ಅಲ್ಲಿಯವರೆಗೆ ಮಾರುವ ಯೋಚನೆಯೇ ಇಲ್ಲದಿದ್ದ ಮಂಜಪ್ಪನವರ ಮನೆಗೆ ನಾನು ಕೇಳಿದ್ದಕ್ಕಿಂತ ಹೆಚ್ಚು ಬೆಲೆ ಬಂತು! ನೋಂದಣಿಯಾದ ದಿನ ಮಂಜಪ್ಪನವರು ಪೇಡೆ ಹಿಡಿದು ಬಂದರು.

"ಸಾವ್ಕಾರ್ರೆ, ರಸ್ತೆ ನೋಡಿಯೇ ಅವ್ರು ಒಪ್ಪಿದ್ದು. ನಿಮ್ಮ ಉಪಕಾರ ಮರೆಯಲ್ಲ. ನಾವು ಹೊಸನಗರಕ್ಕೆ ಹೋಗ್ತಿದೀವಿ, ಮಗಳ ಮನೆ ಹತ್ರ ಜಾಗ ಸಿಕ್ತು."

ಮರುದಿನವೇ ಬಿಲ್ ಕಲೆಕ್ಟರನ್ನು ಹುಡುಕಿ ಹೋದೆ. "ಆ ವ್ಯಾಪಾರದ ಕೋಣೆ ಲೆಕ್ಕದಿಂದ ತೆಗೀಬಹುದಾ?"

"ವ್ಯಾಪಾರ ನಿಲ್ಲಿಸಿದ್ದೀನಿ ಅಂತ ಬರ್ಕೊಡಿ."

"ಶುರುವೇ ಮಾಡಿರ್ಲಿಲ್ವಲ್ಲಪ್ಪ!"

"ಅಯ್ಯೋ, ಹಂಗೆ ಮಾತ್ರ ಬರೀಬೇಡಿ!"

ಪೇಡೆ ಮಾತ್ರ ಚೆನ್ನಾಗಿತ್ತು. ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ: ನಮ್ಮ ಬೀದಿಯ ಅಭಿವೃದ್ಧಿಗೆ ನನ್ನಷ್ಟು ಕೊಟ್ಟವರು ಬೇರೊಬ್ಬರಿಲ್ಲ. ಅಭಿವೃದ್ಧಿ ಆಗಿಯೂ ಇದೆ. ಮಂಜಪ್ಪನವರದು!