ಮಂಜೂರು ಬಟನ್ ಇಲ್ಲದ ರಜೆ

ಅಮೀರ್‌ಪೇಟ್‌ನ ಕೋಚಿಂಗ್ ಕ್ಲಾಸಿನಲ್ಲಿ ಕೆಲವು ಭಾನುವಾರ ಕೂತು ಅಜೈಲ್ ಎಂಬ ತಂತ್ರಾಂಶ ತಯಾರಿಕೆಯ ಪದ್ಧತಿ ಕಲಿತ ಮೇಲೆ, ನಮ್ಮ ಸರ್ಕಾರಿ ಕಾರ್ಖಾನೆಯನ್ನು ಉದ್ಧಾರ ಮಾಡುವ ಹೊಣೆ ನನ್ನ ಹೆಗಲಿಗೇ ಬಿದ್ದಿದೆ ಎಂದು ಖಾತ್ರಿಯಾಯಿತು. ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಹುಡುಗರು ಜೀನ್ಸ್ ಹಾಕಿಕೊಂಡು ಮಾಡುವುದನ್ನು ನಾವು ಇಸ್ತ್ರಿ ಪ್ಯಾಂಟಿನಲ್ಲಿ ಮಾಡಲಾರೆವೇ?

ನಮ್ಮ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದ ಕೆಲಸ, ರಜೆ ಅರ್ಜಿಯ ತಂತ್ರಾಂಶ. ಅಜೈಲಿನ ಮೂಲಮಂತ್ರ ಸರಳ: ಎಲ್ಲ ಮುಗಿಯಲಿ ಎಂದು ಕಾಯಬೇಡ, ಆದಷ್ಟನ್ನು ಕಂತು ಕಂತಾಗಿ ಕೊಡುತ್ತ ಹೋಗು. ದಿನಾ ಬೆಳಿಗ್ಗೆ ನಿಂತುಕೊಂಡೇ ಸಭೆ ನಡೆಸು. ಕಾಲು ನೋಯುವುದರಿಂದ ಮಾತು ಬೇಗ ಮುಗಿಯುತ್ತದೆ.

"ನಾ ಕುಂತೇ ನಿಂದರ್ತೀನ್ರಿ," ಎಂದರು ಹಿರಿಯ ಸಹೋದ್ಯೋಗಿ ಜೋಶಿ. ಹಿರಿಯರು ಕೂತ ಮೇಲೆ ಉಳಿದವರೂ ಕೂತರು. ಕೂತ ಮೇಲೆ ಚಹಾ ಬಂತು. ಚಹಾದ ಹಿಂದೆ ಮಿರ್ಚಿ ಭಜಿ! ಸಭೆ ಊಟದ ಹೊತ್ತಿಗೆ ಮುಗಿಯತೊಡಗಿತು. 'ಪದ್ಧತಿಯನ್ನು ಸಂಸ್ಥೆಯ ಅಗತ್ಯಕ್ಕೆ ಹೊಂದಿಸಲಾಗಿದೆ' ಎಂದು ನಾನು ಗಂಭೀರವಾಗಿ ವರದಿ ಬರೆದೆ.

ಮೊದಲ ಕಂತಿನಲ್ಲಿ ಅರ್ಜಿ ಹಾಕುವ ಬಟನ್ ಮಾತ್ರ ತಯಾರಾಯಿತು. ನೋಡಿದ ಜನರಲ್ ಮ್ಯಾನೇಜರ್ ಸಾಹೇಬರು ತೆಲುಗಿನಲ್ಲೇ ಹಿಗ್ಗಿಹೋದರು. "ಚಾಲಾ ಬಾಗುಂದಿ! ನಾಳೆಯಿಂದ ಕಾಗದದ ಅರ್ಜಿ ಬಂದ್!"

ಆ ವಾರವೇ ರಾಯಚೂರಿನಲ್ಲಿ ನನ್ನ ನಾದಿನಿಯ ಮದುವೆ.

"ರಜಾ ಮಂಜೂರ್ ಆತೇನ್ರಿ?" ಎಂದಳು ನನ್ನ ಹೆಂಡತಿ ಶಾರದಾ. "ಹಿರೇ ಅಳಿಯ ನೀವು. ಅಂತರಪಟ ನೀವೇ ಹಿಡೀಬೇಕು."

"ಅರ್ಜಿ ಹಾಕೀನಿ. ಮಂಜೂರು ಮಾಡೋ ಬಟನ್ ಮುಂದಿನ ಕಂತಿನಾಗ ಬರ್ತೈತಿ."

"ಹಂಗಾದ್ರ ಮದುವೀನೂ ಕಂತಿನಾಗ ಮಾಡೂಣೇನು? ಈ ಸಲ ಅಕ್ಕಿಕಾಳು, ಮುಂದಿನ ಸಲ ತಾಳಿ?"

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮರುದಿನ ಸಭೆಯಲ್ಲಿ ಬಟನ್‌ಗಾಗಿ ಗೋಗರೆದೆ. ಆದರೆ ನಮ್ಮಲ್ಲಿ ರಜೆ ಮೇಜಿನಿಂದ ಮೇಜಿಗೆ ಹತ್ತಿ ಮಂಜೂರಾಗಬೇಕು. ಕೆಳಗಿನವರ ಬಟನ್ ಮೇಲಿನವರ ಬಟನ್‌ನಷ್ಟೇ ದೊಡ್ಡದಿದ್ದರೆ ಮರ್ಯಾದೆ ಏನಾಯಿತು ಎಂದು ಅಧಿಕಾರಿಗಳು ಆಕ್ಷೇಪಿಸಿದರು. ಅಳತೆ ತೀರ್ಮಾನವಾಗುವ ಮೊದಲೇ ಭಜಿ ಖಾಲಿಯಾಯಿತು. ಶಾರದಾ ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿದಳು.

ಮದುವೆಯ ದಿನ ಕಚೇರಿಗೆ ಹೋದರೆ ವಿಭಾಗ ಭಣಗುಟ್ಟುತ್ತಿತ್ತು. ಇಡೀ ತಂಡ ರಜೆ! ತಂತ್ರಾಂಶದಲ್ಲಿ ತಿರಸ್ಕರಿಸುವ ಬಟನ್ನೂ ಇರಲಿಲ್ಲವಲ್ಲ. ಬೇಡ ಎಂದು ಯಾರೂ ಹೇಳದ ಮೇಲೆ ಆಯಿತು ಎಂದೇ ಅರ್ಥ ಎಂದುಕೊಂಡು ಎಲ್ಲರೂ ಹೊರಟಿದ್ದರು. ಮಂಜೂರಾಗಲಿ ಎಂದು ಕಾದವನು ಆ ತಂತ್ರಾಂಶ ಮಾಡಿಸಿದ ನಾನೊಬ್ಬನೇ!

ಮುಹೂರ್ತ ಮುಗಿದ ಮೇಲೆ ಶಾರದಾಗೆ ಫೋನ್ ಮಾಡಿದೆ.

"ಅಂತರಪಟ ಯಾರು ಹಿಡಿದ್ರು?"

"ನಿಮ್ಮ ಜೋಶಿ ಅವರು. ನೀವೇ ಮದುವಿ ಕಾರ್ಡ್ ಕೊಟ್ಟಿದ್ರಂತ, ನಿಮ್ಮ ಆಫೀಸಿನವರೆಲ್ಲಾ ಬಂದಾರ. ಈಗ ಹೋಳಿಗಿ ಪಂಕ್ತ್ಯಾಗ ಕುಂತಾರ."

"ನಾ ಯಾಕ ಬಂದಿಲ್ಲಂತ ಯಾರೂ ಕೇಳಲಿಲ್ಲೇನು?"

"ಕೇಳಿದ್ರು. ನಮ್ಮವರು ಕಂಪ್ಯೂಟರ್‌ನಾಗ ಭಾಳ ಶಾಣ್ಯಾ ಅದಾರ, ಅದಕ್ಕ ಬಂದಿಲ್ಲ ಅಂತ ಹೇಳೀನಿ."