ದೂರು ಹೇಳುವ ಪಾಠ

ಇರಲಾರದೆ ಇರುವೆ ಬಿಟ್ಟುಕೊಂಡವರು ಜರ್ಮನ್ ಮೇಷ್ಟ್ರೇ. ಜರ್ಮನ್ ಕೋರ್ಸಿನ ಮೊದಲನೇ ಹಂತಕ್ಕೆ ಪ್ರತಿ ವರ್ಷ ನಲವತ್ತು ಜನ ಸೇರುತ್ತಿದ್ದರು, ಎರಡನೇ ಹಂತಕ್ಕೆ ಆರು ಜನ ಉಳಿಯುತ್ತಿದ್ದರು. ಮಿಕ್ಕ ಮೂವತ್ತನಾಲ್ಕು ಜನ ಎಲ್ಲಿ ಹೋಗುತ್ತಾರೆಂಬ ಕುತೂಹಲ ಅವರಿಗೆ ಹನ್ನೆರಡು ವರ್ಷದ ಮೇಲೆ ಹುಟ್ಟಿತು. ಮುಂದಿನ ಸಲ ಹತ್ತು ಜನ ಸೇರದಿದ್ದರೆ ಎರಡನೇ ಹಂತವನ್ನೇ ಮುಚ್ಚುವುದಾಗಿ ವಿಶ್ವವಿದ್ಯಾಲಯ ತಿಳಿಸಿತ್ತು. ಮೇಷ್ಟ್ರು ರಜೆಯೆಲ್ಲ ಕೂತು ಹೊಸ ಕೋರ್ಸು ಬರೆದರು. ಇವತ್ತು ಮೂರು ಗಂಟೆಗೆ ಪಠ್ಯಕ್ರಮ ಸಮಿತಿ ಅದನ್ನು ಒಪ್ಪಬೇಕಿತ್ತು.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಫೈಲು ಬಿಚ್ಚಿದ್ದೇ ತಪ್ಪಾಯಿತು.

"ಬರೀ ವ್ಯಾಕರಣ ತುಂಬಿದೀರಲ್ಲ. ಮಕ್ಕಳಿಗೆ ಮಾತಾಡೋಕೆ ಬಿಡಿ," ಎಂದರು ಫ್ರೆಂಚ್ ಮೇಡಂ.

"ಕಾಗದ ಓದಿದ್ರೆ ಸಮಿತಿಯೋರು ತೂಕಡಿಸ್ತಾರೆ. ಒಂದು ಪಾಠ ಮಾಡಿ ತೋರಿಸ್ಬಿಡಿ ಸಾರ್," ಎಂದ ಗುಮಾಸ್ತ, ಯಾರೂ ಕೇಳದಿದ್ದರೂ.

ಇಬ್ಬರ ಮಾತೂ ಸರಿಯೆನಿಸಿತು. ಮೇಷ್ಟ್ರು 'ದೂರು ಹೇಳುವುದು' ಎಂಬ ಹೊಸ ಪಾಠವನ್ನು ಆರಿಸಿ, ತಮ್ಮ ಆರು ವಿದ್ಯಾರ್ಥಿಗಳನ್ನು ಕರೆದರು. ಹೋಟೆಲ್ ಕೋಣೆಯಲ್ಲಿ ಬಿಸಿನೀರಿಲ್ಲ, ಕಿಟಕಿ ಮುಚ್ಚುತ್ತಿಲ್ಲ, ಹೀಗೆ.

"ಹೋಟೆಲ್ ಬಗ್ಗೆನೇ ಹೇಳ್ಬೇಕಾ ಸರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

"ನಿಜವಾಗಿ ಏನು ಬೇಜಾರಿದೆಯೋ ಅದನ್ನೇ ಹೇಳಿ. ಹೊಸ ಕೋರ್ಸಿನ ಗುಟ್ಟೇ ಅದು."

ಸಮಿತಿಯ ಯಾರಿಗೂ ಜರ್ಮನ್ ಬರುತ್ತಿರಲಿಲ್ಲ. ಅವರು ಬಂದು ಕೂತಮೇಲೆ ಹುಡುಗಿ ಎದ್ದು ಜರ್ಮನ್‌ನಲ್ಲಿ ಶುರುಮಾಡಿದಳು. ಪಠ್ಯಪುಸ್ತಕ ನನಗಿಂತ ಹಳೆಯದು, ಅದರಲ್ಲಿ ಜನ ಇನ್ನೂ ಟೆಲಿಗ್ರಾಂ ಕಳಿಸುತ್ತಿದ್ದಾರೆ, ಮೇಷ್ಟ್ರು ಗಂಟೆಯಿಡೀ ಬೋರ್ಡಿಗೇ ಪಾಠ ಮಾಡುತ್ತಾರೆ, ಮೂವತ್ತನಾಲ್ಕು ಜನ ಓಡಿಹೋದದ್ದು ಅದಕ್ಕೇ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಮೇಷ್ಟ್ರಿಗೆ ಮೊದಲು ಹೆಮ್ಮೆಯಾಯಿತು, ಅರ್ಥ ಆಮೇಲೆ ಹೊಳೆಯಿತು.

"ಏನಂತಾಳೆ ಮೇಷ್ಟ್ರೇ?" ಅಧ್ಯಕ್ಷರು ಮುಂದಕ್ಕೆ ಬಾಗಿದರು.

ನಾಲ್ಕು ಜನರ ಮುಂದೆ ಮಾನ ಕಳೆದುಕೊಳ್ಳುವುದು ಯಾರಿಗೆ ಬೇಕು? "ನನ್ನ ಪಾಠ ಅಂದ್ರೆ ಪ್ರಾಣ ಅಂತಾಳೆ ಸರ್."

ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಸಮಿತಿಯ ಮುಂದೆ ಬಾಯಿ ಹಾಕುವ ಧೈರ್ಯವಾಗಲಿಲ್ಲ. ಅವಳ ಹಿಂದಿದ್ದ ಹುಡುಗ ಎದ್ದು, ಇವರು ಈಗ ಸುಳ್ಳನ್ನೂ ಹೇಳುತ್ತಿದ್ದಾರೆ ಎಂದು ಜರ್ಮನ್‌ನಲ್ಲೇ ಸೇರಿಸಿದ.

"ಇವನೇನಂತಾನೆ?"

"ನನ್ನಂಥ ಪ್ರಾಮಾಣಿಕರನ್ನ ನೋಡೇ ಇಲ್ವಂತೆ." ಮೇಷ್ಟ್ರು ಬೆವರು ಒರೆಸಿಕೊಂಡರು.

ಆರೂ ಜನರ ದೂರು ಹೀಗೆ ಹೊಗಳಿಕೆಯಾಗಿ ಸಮಿತಿಗೆ ಮುಟ್ಟಿತು.

"ಈಗಿರೋ ಕೋರ್ಸನ್ನೇ ಮಕ್ಕಳು ಇಷ್ಟು ಮೆಚ್ಚಿರೋವಾಗ ಹೊಸದು ಯಾಕ್ರೀ?" ಎಂದರು ಅಧ್ಯಕ್ಷರು. "ಹಳೇದೇ ಇರಲಿ. ಹತ್ತು ಜನರ ನಿಯಮ ಮಾತ್ರ ಬದಲಾಗಲ್ಲ."

ಹೊಸ ಕೋರ್ಸು ಬೇಕೆನ್ನಲು ಆ ಹುಡುಗಿಯ ಮಾತಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಅದೀಗ ಮೇಷ್ಟ್ರ ಬಾಯಲ್ಲಿ ಬಿಸಿತುಪ್ಪವಾಗಿತ್ತು. "ಸರ್, ಸ್ವಲ್ಪ ದೂರೂ ಇತ್ತು," ಎಂದು ತೊದಲಿದರು.

"ವಿನಯ ಸಾಕು ಮೇಷ್ಟ್ರೇ." ಅಧ್ಯಕ್ಷರು ಹೊಸ ಕೋರ್ಸಿನ ಮೇಲೆ ಅಡ್ಡಗೆರೆ ಎಳೆದು ಎದ್ದರು.

ಮೇಷ್ಟ್ರು ಫೈಲು ಕಟ್ಟಿ ಅರ್ಧ ಗಂಟೆ ಬಿಟ್ಟು ಹೊರಬಂದಾಗ ಕಾರಿಡಾರಿನಲ್ಲಿ ಆರೂ ಜನ ಕಾಯುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ. ಕೋರ್ಸು ಬಿಡಲು ಅರ್ಜಿ, ಕಾರಣಗಳ ಸಮೇತ, ಜರ್ಮನ್‌ನಲ್ಲಿ. ಮೇಷ್ಟ್ರು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಒಂದೊಂದನ್ನೂ ಎರಡೆರಡು ಸಲ ಓದಿದರು. ವಾಪಸ್ ಕಳಿಸಲು ಒಂದಾದರೂ ತಪ್ಪು ಬೇಕಿತ್ತು, ಸಿಗಲಿಲ್ಲ.